ಡೆಂಗಿ ವೈರಸ್ ನಮ್ಮ ಕೋಶದ ಸಿಗ್ನಲ್ ಅಡಗಿಸುತ್ತದೋ, ಕೆರಳಿಸುತ್ತದೋ?

ವಿಜ್ಞಾನದ ಮಿಸ್, ಹಾಸನ
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಡೆಂಗಿ ಪಾಠ ಅಂದ್ರೆ ನಮ್ಮಲ್ಲಿ ಈಡಿಸ್ ಸೊಳ್ಳೆ, ನಿಂತ ನೀರು, ಅಲ್ಲಿಗೆ ಮುಗೀತು. ಈ ಸಲ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅವರಪ್ಪನ ಲ್ಯಾಬ್ ರಿಪೋರ್ಟ್ ತಂದು, "ಮಿಸ್, ಈ ಎನ್‌ಎಸ್1 ಪಾಸಿಟಿವ್ ಅಂದ್ರೆ ಏನು?" ಅಂದಳು. ವೈರಸ್ಸಿನ ಒಂದು ಪ್ರೋಟೀನ್ ಅಂದೆ. "ಅದಕ್ಕೆ ರಕ್ತದಲ್ಲಿ ಏನು ಕೆಲಸ?" ಅಂದಳು. ನೋಡಿ ಹೇಳ್ತೀನಿ ಅಂದು ಹುಡುಕಲು ಕೂತೆ.

ಈಗ ಇನ್ನೂ ಗೊಂದಲ. ಒಂದು ಕಡೆ, ಡೆಂಗಿ ವೈರಸ್ಸಿನ ಪ್ರೋಟೀನುಗಳು ನಮ್ಮ ಕೋಶದ ರಕ್ಷಣೆಯ ಸಿಗ್ನಲ್‌ಗಳನ್ನು ಅಡಗಿಸುತ್ತವೆ ಅಂತಿದೆ. ಇನ್ನೊಂದು ಕಡೆ, ರಕ್ಷಣಾ ವ್ಯವಸ್ಥೆ ಅತಿಯಾಗಿ ಕೆರಳಿ ರೋಗಿ ಕೆಡುತ್ತಾನೆ ಅಂತಿದೆ. ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತದೆ? ಗೊತ್ತಿರುವವರು ಬಿಡಿಸಿ ಹೇಳಿ.

ಹಿಂದಿನ ಬೆಂಚು
ಆ ಹುಡುಗಿಗೆ ಮೊದಲು ಇಂಟರ್ನಲ್ ಮಾರ್ಕ್ಸ್ ಪೂರ್ತಿ ಕೊಡಿ ಮಿಸ್.

ವೈರಾಲಜಿ ವಿದ್ಯಾರ್ಥಿ
ಎರಡೂ ನಿಜ ಮೇಡಂ. ಅಡಗಿಸುವ ಕೆಲಸ ಸೋಂಕು ತಗುಲಿದ ಕೋಶದ ಒಳಗೆ ನಡೆಯುತ್ತದೆ. ಕೆರಳಿಸುವ ಕೆಲಸ ಹೊರಗೆ, ವೈರಸ್ ಮುಟ್ಟದೇ ಇರುವ ಕೋಶಗಳ ಮೇಲೂ ನಡೆಯುತ್ತದೆ. ಮಾಡುವ ಪ್ರೋಟೀನುಗಳೂ ಬೇರೆ ಬೇರೆ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಡೆಂಗಿ ವೈರಸ್ಸಿನ ಆಸ್ತಿ ಅಂದ್ರೆ ಸುಮಾರು 10,700 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಅದರಿಂದ ಒಂದೇ ಉದ್ದನೆಯ ಪ್ರೋಟೀನ್ ಸರ ಹುಟ್ಟುತ್ತದೆ. ಸರ ತುಂಡಾಗಿ 10 ಪ್ರೋಟೀನ್ ಆಗುತ್ತದೆ. ಮೂರು ವೈರಸ್ಸಿನ ಮೈ ಕಟ್ಟಲು. ಉಳಿದ ಏಳು ಕೋಶದ ಒಳಗೆ ದುಡಿಯಲು: ಎನ್‌ಎಸ್1, 2ಎ, 2ಬಿ, 3, 4ಎ, 4ಬಿ, 5. ನಮ್ಮ ಹತ್ತಿರ ಸುಮಾರು 20,000 ಪ್ರೋಟೀನ್ ಜೀನುಗಳಿವೆ. ಅದರ ಹತ್ತಿರ 10. ಅದಕ್ಕೇ ಒಂದೊಂದು ವೈರಸ್ ಪ್ರೋಟೀನಿಗೂ ಎರಡು ಮೂರು ನೌಕರಿ.

ಇನ್ನು ನಮ್ಮ ಕಡೆಯ ಕಥೆ. ಕೋಶದೊಳಗೆ ವೈರಸ್ ಆರ್‌ಎನ್‌ಎ ಕಂಡರೆ ರಿಗ್-ಐ, ಎಂಡಿಎ5 ಎಂಬ ಪ್ರೋಟೀನುಗಳು ಗುರುತು ಹಿಡಿಯುತ್ತವೆ. ಕೋಶ ಇಂಟರ್‌ಫೆರಾನ್ ಎಂಬ ಎಚ್ಚರಿಕೆ ಸುದ್ದಿಯ ಪ್ರೋಟೀನ್ ತಯಾರಿಸಿ ಹೊರಗೆ ಬಿಡುತ್ತದೆ. ಅದು ಅಕ್ಕಪಕ್ಕದ ಕೋಶಗಳ ಮೇಲಿನ ಗ್ರಾಹಿಗೆ ಅಂಟುತ್ತದೆ, ಬಿಟ್ಟ ಕೋಶದ್ದಕ್ಕೂ ಅಂಟುತ್ತದೆ. ಗ್ರಾಹಿಯ ಒಳತುದಿಯಲ್ಲಿ ಜ್ಯಾಕ್1, ಟಿವೈಕೆ2 ಎಂಬ ಎರಡು ಕಿಣ್ವಗಳು ಕಾದು ಕೂತಿರುತ್ತವೆ. ಅವು ಸ್ಟ್ಯಾಟ್1, ಸ್ಟ್ಯಾಟ್2 ಎಂಬ ಪ್ರೋಟೀನುಗಳಿಗೆ ಫಾಸ್ಫೇಟ್ ಹಚ್ಚುತ್ತವೆ. ಹಚ್ಚಿಸಿಕೊಂಡ ಇಬ್ಬರೂ ಜೋಡಿಯಾಗಿ, ಐಆರ್‌ಎಫ್9 ಎಂಬ ಮೂರನೆಯವನನ್ನು ಕರೆದುಕೊಂಡು ಕೋಶಕೇಂದ್ರಕ್ಕೆ ಹೋಗುತ್ತಾರೆ. ಅಲ್ಲಿ ನೂರಾರು ಜೀನುಗಳು ಒಟ್ಟಿಗೆ ಆನ್ ಆಗುತ್ತವೆ. ಒಂದು ಜೀನಿನ ಪ್ರೋಟೀನ್ ವೈರಸ್ಸಿನ ಆರ್‌ಎನ್‌ಎಯನ್ನು ಚೂರು ಮಾಡುತ್ತದೆ, ಇನ್ನೊಂದು ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುತ್ತದೆ, ಮತ್ತೊಂದು ವೈರಸ್ ಒಳಗೆ ಬರುವ ದಾರಿ ಮುಚ್ಚುತ್ತದೆ.

ಸ್ಟ್ಯಾಟ್2 ಅಂದ್ರೆ ಬಾಗಿಲಿಗೆ ಬಂದ ಸುದ್ದಿಯನ್ನು ಒಳಮನೆಗೆ ಮುಟ್ಟಿಸುವ ಆಳು. ಡೆಂಗಿಯ ಎನ್‌ಎಸ್5 ಹಿಡಿಯುವುದು ಈ ಆಳನ್ನೇ.

ಎನ್‌ಎಸ್5 ಮೂಲತಃ ವೈರಸ್ಸಿನ ಆರ್‌ಎನ್‌ಎ ನಕಲು ಮಾಡುವ ಕಿಣ್ವ, ಹತ್ತರಲ್ಲಿ ಅತಿ ದೊಡ್ಡದು. ಅದು ಸ್ಟ್ಯಾಟ್2ಗೆ ಅಂಟಿಕೊಂಡು, ನಮ್ಮದೇ ಕೋಶದ ಯುಬಿಆರ್4 ಎಂಬ ಪ್ರೋಟೀನನ್ನು ಎಳೆದು ತರುತ್ತದೆ. ಯುಬಿಆರ್4 ಕೆಲಸ, ಹಳೆಯ ಪ್ರೋಟೀನುಗಳ ಮೇಲೆ ಯುಬಿಕ್ವಿಟಿನ್ ಗುರುತು ಹಾಕಿ ಪ್ರೋಟಿಯಾಸೋಮ್ ಎಂಬ ಚೂರುಯಂತ್ರಕ್ಕೆ ಕಳಿಸುವುದು. ಈಗ ಸ್ಟ್ಯಾಟ್2 ಅಲ್ಲಿಗೆ ಹೋಗುತ್ತದೆ. ವೈರಸ್ ಸ್ವಂತದ್ದು ಅಂತ ಏನನ್ನೂ ಖರ್ಚು ಮಾಡಲಿಲ್ಲ ನೋಡಿ. ಯಂತ್ರ ನಮ್ಮದು, ಗುರುತು ಹಾಕುವವನೂ ನಮ್ಮವನು.

ಇದರ ಜೊತೆಗೆ ಎನ್‌ಎಸ್2ಬಿ, ಎನ್‌ಎಸ್3 ಸೇರಿ ಆಗುವ ಎನ್‌ಎಸ್2ಬಿ3 ಎಂಬ ಕತ್ತರಿ ಕಿಣ್ವ ಸ್ಟಿಂಗ್ ಎಂಬ ನಮ್ಮ ಎಚ್ಚರಿಕೆ ಪ್ರೋಟೀನನ್ನು ಕತ್ತರಿಸುತ್ತದೆ. ಅಂದರೆ ಒಂದು ಪ್ರೋಟೀನ್ ಇಂಟರ್‌ಫೆರಾನ್ ತಯಾರಾಗುವುದನ್ನು ತಗ್ಗಿಸುತ್ತದೆ. ಇನ್ನೊಂದು, ಬಂದ ಇಂಟರ್‌ಫೆರಾನ್ ಕೇಳಿಸದ ಹಾಗೆ ಮಾಡುತ್ತದೆ.

ಸುಮ್ನೆ ಓದುಗ
ಒಂದು ಡೌಟು. ಸ್ಟಿಂಗ್ ಅಂದ್ರೆ ಡಿಎನ್‌ಎ ಕಂಡಾಗ ಕೂಗುವ ಪ್ರೋಟೀನ್ ಅಲ್ವಾ? ಡೆಂಗಿ ಆರ್‌ಎನ್‌ಎ ವೈರಸ್. ಅದಕ್ಕೆ ಸ್ಟಿಂಗ್ ಉಸಾಬರಿ ಯಾಕೆ?

ವೈರಾಲಜಿ ವಿದ್ಯಾರ್ಥಿ
ಒಳ್ಳೆ ಡೌಟು. ಸೋಂಕಾದಾಗ ಕೋಶದ ಮೈಟೋಕಾಂಡ್ರಿಯಕ್ಕೆ ಪೆಟ್ಟು ಬೀಳುತ್ತದೆ. ಅದರೊಳಗಿನ ಡಿಎನ್‌ಎ ಹೊರಗೆ ಸೋರುತ್ತದೆ. ಇರಬಾರದ ಜಾಗದಲ್ಲಿ ಡಿಎನ್‌ಎ ಕಂಡರೆ ಸಿಗ್ಯಾಸ್ ಎಂಬ ಸೆನ್ಸಾರ್ ಸ್ಟಿಂಗ್‌ಗೆ ಸುದ್ದಿ ಕೊಡುತ್ತದೆ. ವೈರಸ್ಸಿನ ಎನ್‌ಎಸ್2ಬಿ ಆ ಸಿಗ್ಯಾಸನ್ನೂ ಬಿಡುವುದಿಲ್ಲ, ಅದನ್ನೂ ನಾಶ ಮಾಡಿಸುತ್ತದೆ.

ಬ್ಲಾಟ್ ಮಾಡೋನು
ಮೇಲಿನ ಕಥೆ ಚೆನ್ನಾಗಿದೆ. ಆದ್ರೆ ಇದೆಲ್ಲ ಹೇಗೆ ಗೊತ್ತಾಯ್ತು ಅಂತ ಹೇಳದಿದ್ದರೆ ಮಕ್ಕಳಿಗೆ ಪುರಾಣ ಕೇಳಿದ ಹಾಗೆ ಆಗುತ್ತದೆ. ನಾನು ಬೆಂಗಳೂರಿನಲ್ಲಿ ಒಂದು ಲ್ಯಾಬಲ್ಲಿ ಬೆಳಗ್ಗೆಯಿಂದ ಸಂಜೆ ತನಕ ವೆಸ್ಟರ್ನ್ ಬ್ಲಾಟ್ ಮಾಡುವವನು, ಹಾಗಾಗಿ ಅದನ್ನು ಹೇಳ್ತೀನಿ.

ಕೋಶಗಳನ್ನು ಒಡೆದು, ಒಳಗಿನ ಪ್ರೋಟೀನುಗಳನ್ನು ಜೆಲ್ ಮೇಲೆ ಓಡಿಸುತ್ತೇವೆ. ಚಿಕ್ಕವು ಕೆಳಗೆ ಇಳಿಯುತ್ತವೆ, ದೊಡ್ಡವು ಮೇಲೆ ನಿಲ್ಲುತ್ತವೆ. ಆಮೇಲೆ ಜೆಲ್‌ನಿಂದ ತೆಳ್ಳನೆ ಪೊರೆಗೆ ವರ್ಗಾಯಿಸಿ, ಸ್ಟ್ಯಾಟ್2ಗೆ ಮಾತ್ರ ಅಂಟುವ ಪ್ರತಿಕಾಯ ಹಾಕುತ್ತೇವೆ. ಸ್ಟ್ಯಾಟ್2 ಇದ್ದರೆ 113 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಕಪ್ಪು ಗೆರೆ ಬರುತ್ತದೆ. ಸೋಂಕಿಲ್ಲದ ಕೋಶದಲ್ಲಿ ದಪ್ಪ ಗೆರೆ. ಡೆಂಗಿ ಸೋಂಕಿದ ಕೋಶದಲ್ಲಿ ಗೆರೆ ಹೆಚ್ಚುಕಮ್ಮಿ ಮಾಯ. ಅದೇ ಪೊರೆಯಲ್ಲಿ ಸ್ಟ್ಯಾಟ್1 ನೋಡಿದರೆ ಅದು ಹಾಗೇ ಇದೆ. ಅಂದರೆ ಕೋಶವೇ ಸತ್ತು ಎಲ್ಲ ಹಾಳಾಗಿದ್ದಲ್ಲ, ಆರಿಸಿ ಒಂದನ್ನೇ ತೆಗೆದಿದೆ. ಇನ್ನೊಂದು ತಟ್ಟೆಗೆ ಪ್ರೋಟಿಯಾಸೋಮ್ ನಿಲ್ಲಿಸುವ ರಾಸಾಯನಿಕ ಹಾಕಿ. ಗೆರೆ ವಾಪಸ್ ಬರುತ್ತದೆ. ಸ್ಟ್ಯಾಟ್2 ಚೂರುಯಂತ್ರದಲ್ಲೇ ಹೋಗುತ್ತಿತ್ತು ಅನ್ನುವುದಕ್ಕೆ ಇದು ಸಾಕ್ಷಿ.

2009ರಲ್ಲಿ ಇದರಲ್ಲೊಂದು ಮಜವಾದ ವಿಷಯ ಗೊತ್ತಾಯಿತು. ಎನ್‌ಎಸ್5 ಒಂದನ್ನೇ ಕೋಶದಲ್ಲಿ ತಯಾರಿಸಿದರೆ ಅದು ಸ್ಟ್ಯಾಟ್2ಗೆ ಅಂಟುತ್ತದೆ, ಆದರೆ ನಾಶ ಮಾಡುವುದಿಲ್ಲ. ಉದ್ದ ಸರದಿಂದ ಕತ್ತರಿಸಿಕೊಂಡು ಹೊರಬಂದ ಎನ್‌ಎಸ್5 ಮಾತ್ರ ನಾಶ ಮಾಡುತ್ತದೆ. ಅಂದರೆ ಅದರ ತಲೆಯ ಭಾಗ ಸರಿಯಾಗಿ ಕತ್ತರಿಸಿರಬೇಕು. ಯುಬಿಆರ್4 ಪಾತ್ರ ಗೊತ್ತಾಗಿದ್ದು 2013ರಲ್ಲಿ. ಯುಬಿಆರ್4 ಕಡಿಮೆ ಮಾಡಿದ ಕೋಶಗಳಲ್ಲಿ ಸ್ಟ್ಯಾಟ್2 ಉಳಿಯಿತು, ವೈರಸ್ಸಿನ ಬೆಳವಣಿಗೆಯೂ ಕುಗ್ಗಿತು.

ಇಷ್ಟು ಹೇಳಿದ ಮೇಲೆ ಒಂದು ಹೊಟ್ಟೆಕಿಚ್ಚಿನ ಮಾತು. ಈಗ "ವೈರಸ್ ಪ್ರೋಟೀನ್ ಇಷ್ಟು ನೂರು ಮಾನವ ಪ್ರೋಟೀನುಗಳ ಜೊತೆ ಸೇರುತ್ತದೆ" ಅಂತ ದೊಡ್ಡ ನಕ್ಷೆಗಳು ಬರುತ್ತವೆ. 2020ರಲ್ಲಿ ಕೋವಿಡ್ ವೈರಸ್ಸಿನ 26 ಪ್ರೋಟೀನುಗಳಿಗೆ 332 ಜೋಡಿಗಳ ಪಟ್ಟಿ ಬಂತು. ಉಪಯೋಗದ ಕೆಲಸವೇ, ಇಲ್ಲ ಅನ್ನಲ್ಲ. ಆದರೆ ಅದು ಒಂದೊಂದೇ ಪ್ರೋಟೀನನ್ನು ಮೂತ್ರಪಿಂಡ ಮೂಲದ ಲ್ಯಾಬ್ ಕೋಶದಲ್ಲಿ ಜಾಸ್ತಿ ಜಾಸ್ತಿ ತಯಾರಿಸಿ ಮಾಡಿದ್ದು. ಅಂಟಿಕೊಂಡಿತು ಅಂದ ಮಾತ್ರಕ್ಕೆ ಸಿಗ್ನಲ್ ಕೆಟ್ಟಿತು ಅಂತ ಅಲ್ಲ. ಎನ್‌ಎಸ್5 ವಿಷಯದಲ್ಲೇ ನೋಡಿದ್ರಲ್ಲ, ಅಂಟುವುದು ಬೇರೆ, ನಾಶ ಮಾಡುವುದು ಬೇರೆ.

ಹಿಂದಿನ ಬೆಂಚು
ಹಾಗಾದ್ರೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಟ್ಟುಬಿಟ್ಟರೆ ಡೆಂಗಿ ವಾಸಿ ಅಲ್ವಾ? ಇಷ್ಟು ದಿನ ಯಾರಿಗೂ ಹೊಳೀಲಿಲ್ವಾ?

ವೈರಾಲಜಿ ವಿದ್ಯಾರ್ಥಿ
ಹೊಳೆದಿದೆ. 2000ದಲ್ಲೇ ಕೋಶಗಳ ಮೇಲೆ ಮಾಡಿ ನೋಡಿದ್ದಾರೆ. ಮೊದಲು ಇಂಟರ್‌ಫೆರಾನ್ ಹಾಕಿ ಆಮೇಲೆ ಡೆಂಗಿ ಬಿಟ್ಟರೆ ಕೋಶಗಳು ಚೆನ್ನಾಗಿ ತಡೆದುಕೊಂಡವು. ವೈರಸ್ ಒಳಗೆ ಹೋಗಿ ಬೇರು ಬಿಟ್ಟ ಮೇಲೆ ಹಾಕಿದರೆ ಹೆಚ್ಚು ಪ್ರಯೋಜನ ಆಗಲಿಲ್ಲ. ಸ್ಟ್ಯಾಟ್2 ಇಲ್ಲದ ಕೋಶಕ್ಕೆ ಹೊರಗಿನಿಂದ ಎಷ್ಟು ಇಂಟರ್‌ಫೆರಾನ್ ಸುರಿದರೂ ಅದು ಕೋಶಕೇಂದ್ರ ಮುಟ್ಟಬೇಕಲ್ಲ.

ಡೆಂಗಿ ರೋಗಿಗಳ ರಕ್ತದಲ್ಲಿ ಇಂಟರ್‌ಫೆರಾನ್ ಕಡಿಮೆಯೇನೂ ಇರುವುದಿಲ್ಲ, ಇದು ಮುಖ್ಯ. ಸೋಂಕಾಗದ ರಕ್ಷಣಾ ಕೋಶಗಳು ಅದನ್ನು ಧಾರಾಳವಾಗಿ ಬಿಡುತ್ತವೆ. ಜ್ವರ, ಮೈಕೈ ನೋವು, ಸುಸ್ತಿಗೆ ಅದರದ್ದೂ ಪಾಲಿದೆ. ಹೆಪಟೈಟಿಸ್ ಸಿಗೆ ಮುಂಚೆ ತಿಂಗಳುಗಟ್ಟಲೆ ಇಂಟರ್‌ಫೆರಾನ್ ಚುಚ್ಚುತ್ತಿದ್ದರು. ತೆಗೆದುಕೊಂಡವರನ್ನು ಕೇಳಿ, ಪ್ರತಿ ವಾರ ಫ್ಲೂ ಬಂದ ಹಾಗೆ ಇರುತ್ತಿತ್ತು ಅಂತಾರೆ.

ಇಲಿಮನೆ
ಅಮೆರಿಕದಲ್ಲಿ ಪೋಸ್ಟ್‌ಡಾಕ್ ಮಾಡ್ತಿರೋ ಕನ್ನಡತಿ. ಇಲಿಗಳ ಜೊತೆಗೇ ನನ್ನ ಸಂಸಾರ, ಅದಕ್ಕೆ ಈ ಹೆಸರು.

ಎನ್‌ಎಸ್5 ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇನ್ನೂ ಯಾರೂ ಹೇಳಿಲ್ಲ. ಮಾಮೂಲಿ ಲ್ಯಾಬ್ ಇಲಿಗೆ ಡೆಂಗಿ ವೈರಸ್ ಚುಚ್ಚಿದರೆ ಅದಕ್ಕೆ ಏನೂ ಆಗುವುದಿಲ್ಲ. ದಶಕಗಳ ಕಾಲ ಡೆಂಗಿ ಸಂಶೋಧನೆಗೆ ಇದೇ ತಲೆನೋವಾಗಿತ್ತು. ಕಾರಣದಲ್ಲಿ ದೊಡ್ಡ ಪಾಲು ಇಷ್ಟೇ: ಎನ್‌ಎಸ್5ಗೆ ಇಲಿಯ ಸ್ಟ್ಯಾಟ್2 ಹಿಡಿಯಲು ಬರುವುದಿಲ್ಲ. ಮನುಷ್ಯನದಕ್ಕೂ ಇಲಿಯದಕ್ಕೂ ಆ ಪ್ರೋಟೀನಿನಲ್ಲಿ ಸಾಕಷ್ಟು ವ್ಯತ್ಯಾಸ ಇದೆ. ಅಷ್ಟೇ ಅಲ್ಲ, ಎನ್‌ಎಸ್2ಬಿ3 ಮನುಷ್ಯರ ಸ್ಟಿಂಗ್ ಕತ್ತರಿಸುತ್ತದೆ, ಇಲಿಯ ಸ್ಟಿಂಗ್ ಕತ್ತರಿಸಲು ಆಗುವುದಿಲ್ಲ. ಎರಡೂ ಕಡೆ ಕೈ ಕಟ್ಟಿದ ಹಾಗೆ.

ಹಾಗಾಗಿ ನಾವು ಎಜಿ129 ಎಂಬ ತಳಿಯ ಇಲಿ ಬಳಸುತ್ತೇವೆ. ಅದಕ್ಕೆ ಇಂಟರ್‌ಫೆರಾನ್ ಗ್ರಾಹಿಗಳೇ ಇಲ್ಲ, ಆಲ್ಫಾ-ಬೀಟಾ ಬಗೆಯ ಇಂಟರ್‌ಫೆರಾನ್‌ದ್ದೂ ಇಲ್ಲ, ಗಾಮಾ ಬಗೆಯದ್ದೂ ಇಲ್ಲ. ಅದರಲ್ಲಿ ಡೆಂಗಿ ಬೆಳೆಯುತ್ತದೆ. ಆದರೆ ಯೋಚಿಸಿ: ರಕ್ಷಣೆಯ ಒಂದು ಇಡೀ ಅಂಗವನ್ನೇ ಕಿತ್ತುಹಾಕಿದ ಪ್ರಾಣಿಯಲ್ಲಿ ಔಷಧಿ ಪರೀಕ್ಷೆ ಮಾಡಿ, "ಕೆಲಸ ಮಾಡಿತು" ಅಂತ ಪೇಪರ್ ಬರೆಯುತ್ತೇವೆ. ನಮ್ಮ ಕಾನ್ಫರೆನ್ಸ್‌ಗಳಲ್ಲಿ ಈ ಪ್ರಶ್ನೆ ಬಂದರೆ ಎಲ್ಲರೂ ಕಾಫಿ ಕಡೆ ಹೊರಡುತ್ತಾರೆ. ಝೀಕಾಗೆ 2018ರಲ್ಲಿ ಒಂದು ತಂಡ ಬೇರೆ ದಾರಿ ಹಿಡಿಯಿತು. ಇಲಿಯ ಸ್ಟ್ಯಾಟ್2 ಜೀನ್ ಜಾಗದಲ್ಲಿ ಮನುಷ್ಯನ ಸ್ಟ್ಯಾಟ್2 ಇಟ್ಟರು. ಉಳಿದ ರಕ್ಷಣೆ ಎಲ್ಲ ಸರಿಯಾಗಿತ್ತು. ಇಲಿಗೆ ಹೊಂದಿಸಿದ ಝೀಕಾ ತಳಿ ಅದರಲ್ಲಿ ಬೆಳೆಯಿತು. ನನಗೆ ಇದು ಹೆಚ್ಚು ನೇರವಾದ ಕೆಲಸ ಅನ್ನಿಸುತ್ತದೆ.

ಇನ್ನೊಂದು ಮಾತು. ವೈರಸ್ಸನ್ನು ಬುದ್ಧಿವಂತ, ಚಾಣಾಕ್ಷ ಅಂತ ಮಕ್ಕಳಿಗೆ ಹೇಳಬೇಡಿ ಮೇಡಂ. ಡೆಂಗಿಯ ಹಳೆಯ ರೂಪಗಳು ಆಫ್ರಿಕಾ, ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಮಂಗಗಳಲ್ಲಿ ಇವತ್ತಿಗೂ ಓಡಾಡುತ್ತಿವೆ. ಪ್ರೈಮೇಟ್‌ಗಳ ಒಳಗೆ ಬೆಳೆಯಬಲ್ಲ ಎನ್‌ಎಸ್5 ಉಳಿಯಿತು, ಬೆಳೆಯಲಾಗದ್ದು ಅಳಿಯಿತು. ಇಲಿ ಅದರ ದಾರಿಯಲ್ಲೇ ಬಂದಿರಲಿಲ್ಲ.

ಸಾಗರದವ
ಇಲಿ ಅಂದ್ರಿ, ಮಂಗ ಅಂದ್ರಿ. ನಮ್ಮ ಕಡೆ ಎರಡೂ ಸೇರಿ ಒಂದು ರೋಗ ಇದೆಯಲ್ಲ, ಅದರ ಬಗ್ಗೆ ಯಾರೂ ಮಾತಾಡಲ್ಲ. ಮಂಗನ ಕಾಯಿಲೆ. ಅದೂ ಡೆಂಗಿ ಜಾತಿಯದೇ ವೈರಸ್ ಅಂತ ಕೇಳಿದ್ದೆ. ಅದರ ಎನ್‌ಎಸ್5 ಏನು ಮಾಡುತ್ತೆ?

ಡಾಕ್ಟ್ರು, ಮೈಸೂರು
ಮಂಗನ ಕಾಯಿಲೆಗೆ ಬರುವ ಮುಂಚೆ ಮಿಸ್ ಕೇಳಿದ ಎನ್‌ಎಸ್1 ಪ್ರಶ್ನೆ ಹಾಗೇ ಉಳಿದಿದೆ, ಅದನ್ನು ಮುಗಿಸೋಣ.

ಎನ್‌ಎಸ್1 ಕೋಶದ ಒಳಗೂ ಇರುತ್ತದೆ, ಹೊರಗೂ ಬರುತ್ತದೆ. ಆರು ಆರು ಸೇರಿ ಗುಂಪಾಗಿ, ನಡುವೆ ಕೊಬ್ಬು ಇಟ್ಟುಕೊಂಡು ರಕ್ತದಲ್ಲಿ ತೇಲುತ್ತದೆ. ಜ್ವರದ ಮೊದಲ ದಿನದಿಂದಲೇ ಸಿಗುತ್ತದೆ. ಅದಕ್ಕೇ ನಾವು ಮೊದಲ ನಾಲ್ಕೈದು ದಿನ ಎನ್‌ಎಸ್1, ಆಮೇಲೆ ಐಜಿಎಂ ಎಂಬ ಪ್ರತಿಕಾಯದ ಟೆಸ್ಟ್ ಬರೆಯುವುದು. 2015ರಲ್ಲಿ ಎರಡು ತಂಡಗಳು ಇದರ ಕಿಡಿಗೇಡಿತನ ತೋರಿಸಿದವು. ನಮ್ಮ ಕೋಶಗಳ ಮೇಲೆ ಟಿಎಲ್‌ಆರ್4 ಎಂಬ ಗ್ರಾಹಿ ಇದೆ. ಅದು ಇರುವುದೇ ಬ್ಯಾಕ್ಟೀರಿಯಾದ ಹೊರಪದರದ ವಿಷ ಗುರುತಿಸಲು. ಎನ್‌ಎಸ್1 ಆ ಗ್ರಾಹಿಯನ್ನು ಎಬ್ಬಿಸುತ್ತದೆ. ವೈರಸ್ಸೇ ಹೋಗದ ಕೋಶವೂ ಉರಿಯೂತದ ರಾಸಾಯನಿಕ ಬಿಡಲು ಶುರು ಮಾಡುತ್ತದೆ. ಇದಲ್ಲದೆ ರಕ್ತನಾಳದ ಒಳಗೋಡೆಯ ಮೇಲಿರುವ ಸಕ್ಕರೆಯ ತೆಳು ಪದರವನ್ನು ಒಡೆಯುವ ಕಿಣ್ವಗಳನ್ನು ಹೊರಡಿಸುತ್ತದೆ. ಗೋಡೆ ಸೋರುತ್ತದೆ.

ರೋಗಿ ಕೆಡುವುದು ಈ ಸೋರಿಕೆಯಿಂದ. ಪೂರ್ತಿ ತಪ್ಪು ಎನ್‌ಎಸ್1 ತಲೆಗೇ ಕಟ್ಟಬೇಡಿ. ಹಿಂದೆ ಬಂದಿದ್ದ ಬೇರೆ ಬಗೆಯ ಡೆಂಗಿಯ ಪ್ರತಿಕಾಯಗಳು, ರಕ್ಷಣಾ ಕೋಶಗಳು ಬಿಡುವ ಸೈಟೋಕೈನ್ ಎಂಬ ಸಿಗ್ನಲ್ ಪ್ರೋಟೀನುಗಳು, ಎಲ್ಲ ಸೇರಿಕೊಳ್ಳುತ್ತವೆ. ಸೋರಿಕೆ ಜೋರಾಗುವುದು ಜ್ವರ ಇಳಿಯುವ ಹೊತ್ತಿಗೆ, ಆಗ ರಕ್ತದಲ್ಲಿ ವೈರಸ್ ಆಗಲೇ ಕಡಿಮೆಯಾಗುತ್ತಿರುತ್ತದೆ.

ಹಾಗಾಗಿ ಮನೆಯವರಿಗೆ ನಾನು ಹೇಳುವುದು: ಜ್ವರ ಬಿಟ್ಟಿತು ಅಂತ ಆಸ್ಪತ್ರೆ ತಪ್ಪಿಸಬೇಡಿ. ಹೊಟ್ಟೆ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕವಿದ ಹಾಗೆ ಮಲಗಿರುವುದು, ಇವು ಕಂಡರೆ ತಕ್ಷಣ ಬನ್ನಿ. ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಅಂತ ಮಾತ್ರ ಕೇಳುತ್ತಾರೆ. ಸೋರಿಕೆ ಗೊತ್ತಾಗುವುದು ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರಿದಾಗ, ಅದನ್ನೂ ಕೇಳಿ. ಮೈಕೈ ನೋವಿಗೆ ಪ್ಯಾರಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೇನ್ ನುಂಗಬೇಡಿ.

ಹಿಂದಿನ ಬೆಂಚು
ಪಪ್ಪಾಯಿ ಎಲೆ ರಸ ಡಾಕ್ಟ್ರೇ?

ಡಾಕ್ಟ್ರು, ಮೈಸೂರು
ಬರುತ್ತೆ ಅಂತ ಗೊತ್ತಿತ್ತು. ಅದರಿಂದ ಸೋರಿಕೆ ನಿಲ್ಲುತ್ತದೆ, ಸಾವು ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಕುಡಿದು ವಾಂತಿ ಮಾಡಿಕೊಂಡು ನೀರಿನಂಶ ಕಳೆದುಕೊಂಡವರನ್ನು ನೋಡಿದ್ದೇನೆ. ಓಆರ್‌ಎಸ್ ಕುಡಿಸಿ.

ಸುಮ್ನೆ ಓದುಗ
ಈ ಸ್ಟ್ಯಾಟ್ ಹಿಡಿಯುವ ಚಾಳಿ ಡೆಂಗಿಗೆ ಮಾತ್ರವಾ?

ವೈರಾಲಜಿ ವಿದ್ಯಾರ್ಥಿ
ಇಲ್ಲ, ಇದು ದೊಡ್ಡ ಸಂತೆ. ನಿಪಾ ವೈರಸ್ಸಿನ ವಿ ಪ್ರೋಟೀನ್ ಸ್ಟ್ಯಾಟ್1 ಅನ್ನು ಕೋಶಕೇಂದ್ರದ ಹೊರಗೆ ಹಿಡಿದಿಡುತ್ತದೆ, ಡಬ್ಲ್ಯು ಪ್ರೋಟೀನ್ ಅದನ್ನೇ ಕೇಂದ್ರದ ಒಳಗೆ ಕೂಡಿಹಾಕುತ್ತದೆ. ಎರಡೂ ಒಂದೇ ಜೀನಿನಿಂದ ಬರುವಂಥವು. ರೇಬೀಸ್‌ನ ಪಿ ಪ್ರೋಟೀನ್ ಕೂಡ ಸ್ಟ್ಯಾಟ್1 ಹಿಡಿಯುತ್ತದೆ. ಕೋವಿಡ್ ವೈರಸ್ಸಿನ ಓಆರ್‌ಎಫ್6 ಎಂಬ ಪ್ರೋಟೀನ್ ಕೋಶಕೇಂದ್ರದ ಬಾಗಿಲಲ್ಲೇ ಕೂತು ಸ್ಟ್ಯಾಟ್‌ಗಳನ್ನು ತಡೆಯುತ್ತದೆ. ಡೆಂಗಿಯ ಹತ್ತಿರದ ನೆಂಟರಲ್ಲೂ ದಾರಿ ಬೇರೆ ಬೇರೆ. ಝೀಕಾದ ಎನ್‌ಎಸ್5 ಸ್ಟ್ಯಾಟ್2 ನಾಶ ಮಾಡುತ್ತದೆ, ಆದರೆ ಯುಬಿಆರ್4 ಇಲ್ಲದೆ. ಹಳದಿ ಜ್ವರದ ಎನ್‌ಎಸ್5 ಸ್ಟ್ಯಾಟ್2 ಹಿಡಿಯುವುದು ಇಂಟರ್‌ಫೆರಾನ್ ಬಂದ ಮೇಲಷ್ಟೇ, ಅದೂ ನಾಶ ಮಾಡದೆ ಸುಮ್ನೆ ಹಿಡಿದುಕೊಂಡಿರುತ್ತದೆ.

ಇಲಿಮನೆ
@ಸಾಗರದವ ಅಣ್ಣ, ನಿಮ್ಮ ಪ್ರಶ್ನೆಗೆ ಬರ್ತೀನಿ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಸಿಕ್ಕ ವೈರಸ್ ಇದು. ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇಂಟರ್‌ಫೆರಾನ್ ಬಗ್ಗೆ ಬರೆದದ್ದೂ ಅದೇ ವರ್ಷ. ಕಾಕತಾಳೀಯ ಅಷ್ಟೇ, ಆದರೂ ನನಗೆ ಖುಷಿ ಕೊಡುತ್ತದೆ.

ಈ ಮಂಗನ ಕಾಯಿಲೆಯ ವೈರಸ್, ಅಂದರೆ ಕೆಎಫ್‌ಡಿ (ಕ್ಯಾಸನೂರು ಕಾಡಿನ ಕಾಯಿಲೆ) ವೈರಸ್, ಡೆಂಗಿಯ ಕುಟುಂಬದ್ದೇ, ಆದರೆ ರಕ್ತ ಹೀರುವ ಉಣ್ಣೆ ಹುಳದಿಂದ ಹರಡುವ ಕವಲು. ಅದರ ಎನ್‌ಎಸ್5 ಕೂಡ ಇಂಟರ್‌ಫೆರಾನ್ ಸಿಗ್ನಲ್ ತಡೆಯುತ್ತದೆ ಅಂತ 2012ರಲ್ಲಿ ಕೆನಡಾದ ಸಂಶೋಧಕರು ಕೋಶಗಳಲ್ಲಿ ತೋರಿಸಿದರು. ಈಗ ಒಂದು ವ್ಯತ್ಯಾಸ ನೋಡಿ. ಡೆಂಗಿ ಮಾಮೂಲಿ ಇಲಿಯನ್ನು ಏನೂ ಮಾಡುವುದಿಲ್ಲ. ಕೆಎಫ್‌ಡಿ ವೈರಸ್ ಮಾಮೂಲಿ ಇಲಿಯನ್ನು ಕೊಲ್ಲುತ್ತದೆ. ಗ್ರಾಹಿ ಕಿತ್ತುಹಾಕುವ ಅಗತ್ಯವೇ ಇಲ್ಲ.

ಯಾಕೆ ಅನ್ನುವುದಕ್ಕೆ ಅದರ ಯುರೋಪಿನ ದಾಯಾದಿಯಿಂದ ಒಂದು ಸುಳಿವಿದೆ. ಅಲ್ಲಿ ಉಣ್ಣೆಯಿಂದ ಬರುವ ಮಿದುಳು ಜ್ವರದ ವೈರಸ್ಸಿನ ಎನ್‌ಎಸ್5, ಸ್ಟ್ಯಾಟ್2 ತಂಟೆಗೆ ಹೋಗುವುದಿಲ್ಲ. ಅದು ಪ್ರೊಲಿಡೇಸ್ ಎಂಬ ನಮ್ಮ ಕಿಣ್ವವನ್ನು ಹಿಡಿಯುತ್ತದೆ. ಆ ಕಿಣ್ವ ಇಲ್ಲದಿದ್ದರೆ ಇಂಟರ್‌ಫೆರಾನ್ ಗ್ರಾಹಿ ಸರಿಯಾಗಿ ಬಲಿತು ಕೋಶದ ಮೇಲ್ಮೈಗೆ ಬರುವುದಿಲ್ಲ. ಇದು 2015ರ ಕೆಲಸ. ಉಣ್ಣೆಯ ವೈರಸ್‌ಗಳು ಕಾಡಿಲಿ, ಮೂಗಿಲಿಗಳಲ್ಲೇ ಬದುಕು ಕಟ್ಟಿಕೊಂಡವು. ಅವುಗಳಿಗೆ ಇಲಿ ಜಾತಿಯ ರಕ್ಷಣೆ ದಾಟುವುದು ಬರಲೇಬೇಕು. ಕೆಎಫ್‌ಡಿಯೂ ಇದೇ ದಾರಿ ಹಿಡಿದಿದೆ ಅಂತ ನನ್ನ ಊಹೆ, ಊಹೆ ಅಂತಲೇ ಓದಿಕೊಳ್ಳಿ.

ಸಾಗರದವ
ತುಂಬಾ ಥ್ಯಾಂಕ್ಸ್ ಮೇಡಂ. ನಮ್ಮಲ್ಲಿ ಬೇಸಿಗೆ ಬಂದ್ರೆ ಸೌದೆ, ದರಗು ತರಲು ಕಾಡಿಗೆ ಹೋಗೋಕೆ ಭಯ. ಉಣ್ಣೆ ಹತ್ತದ ಹಾಗೆ ಡಿಎಂಪಿ ಎಣ್ಣೆ ಹಚ್ಚಿಕೊಂಡು ಹೋಗ್ತೀವಿ. ಇದ್ದ ಹಳೇ ಲಸಿಕೆಯೂ ನಿಂತು ಹೋಯ್ತು. ಈ ಎನ್‌ಎಸ್ ಪ್ರೋಟೀನ್ ಜ್ಞಾನದಿಂದ ಲಸಿಕೆಗೆ ಏನಾದ್ರೂ ಉಪಯೋಗ ಇದೆಯಾ, ಅಥವಾ ಬರೀ ಪೇಪರ್‌ಗಾ?

ವೈರಾಲಜಿ ವಿದ್ಯಾರ್ಥಿ
ಇದೆ. ಡೆಂಗಿ ಲಸಿಕೆಗಳನ್ನೇ ನೋಡಿ. ಡೆಂಗ್‌ವ್ಯಾಕ್ಸಿಯಾದಲ್ಲಿ ಹೊರಮೈ ಮಾತ್ರ ಡೆಂಗಿಯದು, ಒಳಗಿನ ಎನ್‌ಎಸ್ ಪ್ರೋಟೀನುಗಳೆಲ್ಲ ಹಳದಿ ಜ್ವರದ ಲಸಿಕೆ ವೈರಸ್ಸಿನದು. ಅಂದರೆ ಡೆಂಗಿಯ ಎನ್‌ಎಸ್1, ಎನ್‌ಎಸ್3, ಎನ್‌ಎಸ್5 ಹೇಗಿರುತ್ತವೆ ಅಂತ ದೇಹಕ್ಕೆ ಅದು ಕಲಿಸುವುದೇ ಇಲ್ಲ. ಮುಂಚೆ ಡೆಂಗಿ ಬಾರದ ಮಕ್ಕಳಿಗೆ ಅದರಿಂದ ಅಪಾಯ ಜಾಸ್ತಿ ಅಂತ 2017ರಲ್ಲಿ ಕಂಪನಿಯೇ ಒಪ್ಪಿತು, ಫಿಲಿಪ್ಪೀನ್ಸ್‌ನಲ್ಲಿ ದೊಡ್ಡ ಗಲಾಟೆಯಾಯಿತು. ಅದಕ್ಕೆ ಎನ್‌ಎಸ್ ಇಲ್ಲದ್ದೊಂದೇ ಕಾರಣ ಅಂತ ಹೇಳಲಾಗದು. ಆದರೆ ಆಮೇಲೆ ಬಂದವುಗಳಲ್ಲಿ ಡೆಂಗಿಯದೇ ಎನ್‌ಎಸ್ ಪ್ರೋಟೀನುಗಳಿವೆ. 2024ರಲ್ಲಿ ಐಸಿಎಂಆರ್ ಮತ್ತು ಪ್ಯಾನೇಸಿಯಾ ಕಂಪನಿ ಮೂರನೇ ಹಂತದ ಪರೀಕ್ಷೆ ಶುರು ಮಾಡಿದ ಲಸಿಕೆಯೂ ಅಂಥದ್ದೇ.

ನಿಮ್ಮ ಹಳೇ ಕೆಎಫ್‌ಡಿ ಲಸಿಕೆ ಫಾರ್ಮಾಲಿನ್‌ನಲ್ಲಿ ಕೊಂದ ವೈರಸ್. ಕೊಂದ ವೈರಸ್ ಕೋಶದೊಳಗೆ ಹೊಸ ಪ್ರೋಟೀನ್ ತಯಾರಿಸುವುದಿಲ್ಲ, ಹಾಗಾಗಿ ಎನ್‌ಎಸ್5 ಪರಿಚಯವೂ ದೇಹಕ್ಕೆ ಆಗುವುದಿಲ್ಲ. ಬೂಸ್ಟರ್ ಮೇಲೆ ಬೂಸ್ಟರ್ ಬೇಕಾಗುತ್ತಿದ್ದದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಬ್ಲಾಟ್ ಮಾಡೋನು
ನೇರ ಔಷಧಿ ಆಸೆಗೂ ಒಂದು ಸಾಲು. 2020ರಲ್ಲಿ ಝೀಕಾ ಎನ್‌ಎಸ್5 ಸ್ಟ್ಯಾಟ್2 ಹಿಡಿದ ಭಂಗಿಯ ಚಿತ್ರ ಬಂತು. ಎನ್‌ಎಸ್5ನ ಎರಡು ಭಾಗಗಳ ನಡುವಿನ ಸಂದಿಯಲ್ಲಿ ಸ್ಟ್ಯಾಟ್2 ಸಿಕ್ಕಿಕೊಳ್ಳುತ್ತದೆ, ಐಆರ್‌ಎಫ್9 ಕೂರಬೇಕಾದ ಜಾಗಕ್ಕೂ ಅಡ್ಡ ಬರುತ್ತದೆ. ಅಷ್ಟು ಅಗಲದ ಹಿಡಿತವನ್ನು ಒಂದು ಸಣ್ಣ ಮಾತ್ರೆಯ ಅಣುವಿನಿಂದ ಬಿಡಿಸುವುದು ಕಷ್ಟ. ಕತ್ತರಿ ಕಿಣ್ವಗಳಾದರೆ ಸಲೀಸು, ಅವಕ್ಕೆ ಒಂದು ಗುಳಿ ಇರುತ್ತದೆ, ಅದಕ್ಕೆ ಬೆಣೆ ಹೊಡೆದರೆ ಆಯ್ತು. ಹೆಪಟೈಟಿಸ್ ಸಿ ವೈರಸ್ಸಿನ ಎನ್‌ಎಸ್3/4ಎ ಕತ್ತರಿಗೆ 2011ರಲ್ಲೇ ಮಾತ್ರೆ ಬಂತು. ಅದೇ ಕತ್ತರಿ ನಮ್ಮ ಮ್ಯಾವ್ಸ್ ಎಂಬ ಸಿಗ್ನಲ್ ಪ್ರೋಟೀನನ್ನೂ ಕತ್ತರಿಸುತ್ತಿತ್ತು. ಡೆಂಗಿಯ ಎನ್‌ಎಸ್2ಬಿ3ರಲ್ಲಿ ಆ ಗುಳಿ ತೀರಾ ಆಳ ಇಲ್ಲ, ಅಲ್ಲೇ ಎಲ್ಲರೂ ಒದ್ದಾಡುತ್ತಿರುವುದು.

ವಿಜ್ಞಾನದ ಮಿಸ್, ಹಾಸನ
@ಬ್ಲಾಟ್ ಮಾಡೋನು ಸರ್, ಸ್ಟ್ಯಾಟ್2 ಗೆರೆ ಮಾಯವಾಗಿ, ಮತ್ತೆ ವಾಪಸ್ ಬರುವ ಒಂದು ಬ್ಲಾಟ್ ಚಿತ್ರ ಇದ್ದರೆ ಹಾಕ್ತೀರಾ? ಹೆಸರು, ಲೇಬಲ್ ಏನೂ ಇಲ್ಲದ್ದು ಸಾಕು. ಯಾವ ಗೆರೆಯಲ್ಲಿ ವೈರಸ್ ಇದೆ ಅಂತ ಮಕ್ಕಳೇ ಹೇಳಲಿ.

ಬ್ಲಾಟ್ ಮಾಡೋನು
ಸೋಮವಾರ ಸ್ಕ್ಯಾನ್ ಮಾಡಿ ಹಾಕ್ತೀನಿ ಮೇಡಂ. ಸ್ಟ್ಯಾಟ್1 ಗೆರೆಯನ್ನೂ ಕೆಳಗೆ ಸೇರಿಸ್ತೀನಿ. ಅದಿಲ್ಲದಿದ್ದರೆ ಯಾರೋ ಒಬ್ಬ ಹುಡುಗ ಎದ್ದು, "ಸ್ಯಾಂಪಲ್ಲೇ ಹಾಕೋಕೆ ಮರೆತಿದ್ದಾರೆ" ಅಂತಾನೆ.